ಕೆರೆ ನೀರಿನ ಪ್ರಾಜೆಕ್ಟಿನಿಂದ ಎಂ.ಟೆಕ್ ಅರ್ಜಿಯವರೆಗೆ: ಕೋಲಾರದಲ್ಲಿ ಪರಿಸರ ಇಂಜಿನಿಯರಿಂಗ್ ಹಿಡಿಯುವವರಿಗೆ

ವೈವಾ ಮುಗಿದು, ಗೇಟ್ (ಎಂ.ಟೆಕ್ ಪ್ರವೇಶಕ್ಕೆ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ) ಫಲಿತಾಂಶ ಕೈಗೆ ಬಂದು, ಎಂ.ಟೆಕ್ ಕೌನ್ಸೆಲಿಂಗ್‌ಗೆ ಕಾಯುತ್ತಿರುವ ಹೊತ್ತಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಏಳನೇ ಸೆಮಿಸ್ಟರಿಗೆ ಬರುತ್ತಿರುವ ಜೂನಿಯರ್‌ಗಳು ಕೇಳುವುದೆಲ್ಲ ಹೆಚ್ಚುಕಡಿಮೆ ಒಂದೇ: ಯಾವ ವಿಷಯ ತಗೋಬೇಕು, ಪರ್ಮಿಷನ್ ಯಾರ ಹತ್ತಿರ, ಬಿಒಡಿ (ನೀರಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕದ ಅಳತೆ) ಯಾಕೆ ತಾಳೆ ಆಗಲ್ಲ, ಆಮೇಲೆ ಮುಂದೇನು. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಂದು ಕಡೆ ಕ್ರಮವಾಗಿ ಇರಲಿ.

ಮೊದಲು ದಾರಿಯ ವಿಚಾರ. ಪರಿಸರ ಇಂಜಿನಿಯರಿಂಗನ್ನೇ ಬಿ.ಇ. ಪದವಿಯಾಗಿ ಕೊಡುವ ಕಾಲೇಜು ನಮ್ಮ ರಾಜ್ಯದಲ್ಲಿ ಬಹಳ ಕಡಿಮೆ. ಮೈಸೂರಿನ ಜೆಎಸ್ಎಸ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅಂದರೆ ಹಳೆಯ ಎಸ್‌ಜೆಸಿಇ, ಅಂಥದ್ದೊಂದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಸಾಮಾನ್ಯವಾಗಿ ಸಿವಿಲ್ ಸೇರಿ, ಅಲ್ಲಿ ಬರುವ ಕುಡಿಯುವ ನೀರು, ಒಳಚರಂಡಿ ಪೇಪರ್‌ಗಳನ್ನು ಓದಿ, ಪ್ರಾಜೆಕ್ಟನ್ನು ಪರಿಸರದ ಕಡೆ ಮಾಡಿ, ಎಂ.ಟೆಕ್‌ನಲ್ಲಿ ಪೂರ್ತಿ ಹೊರಳುತ್ತಾರೆ. ಹಾಗಾಗಿ ಸಿವಿಲ್ ಓದಿಕೊಂಡೇ ಈ ಕಡೆ ಬರುವವರಿಗೆ ಪ್ರಾಜೆಕ್ಟೇ ಹೆಬ್ಬಾಗಿಲು. ಮುಂದೆ ಸಂದರ್ಶನದಲ್ಲಿ ಕೂತಾಗ ಕೇಳುವುದೆಲ್ಲ ಅದರ ಮೇಲೆಯೇ.

ವಿಷಯ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಮೂರು ದೊಡ್ಡ ಪ್ರಶ್ನೆಗಳು ಕಣ್ಣೆದುರಿಗೇ ಇವೆ. ಒಂದು ಕೆಜಿಎಫ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು. ವಿಷಯ ಘನವಾದದ್ದು, ಆದರೆ ಅಲ್ಲಿನ ಮಣ್ಣು, ದೂಳಿನಲ್ಲಿ ಲೋಹಗಳನ್ನು ಅಳೆಯಲು ಎಎಎಸ್ ಅಥವಾ ಐಸಿಪಿ ಯಂತ್ರ ಬೇಕು. ಕಾಲೇಜಿನ ಲ್ಯಾಬಿನಲ್ಲಿ ಅದು ಇರುವುದಿಲ್ಲ. ಪ್ರತಿ ಮಾದರಿಯನ್ನೂ ಹೊರಗೆ ಕೊಟ್ಟರೆ ದುಡ್ಡು ಸಾಲದು. ಎರಡನೆಯದು ಕೊಳವೆ ಬಾವಿಗಳ ಫ್ಲೋರೈಡ್. ಮುಳಬಾಗಿಲು, ಶ್ರೀನಿವಾಸಪುರ, ಪಕ್ಕದ ಬಾಗೇಪಲ್ಲಿ, ಆ ಕಡೆ ಪಾವಗಡ, ಎಲ್ಲ ಕಡೆಯೂ ಇದೇ ಕಥೆ. ನಮ್ಮ ತಳಬಂಡೆ ಗ್ರಾನೈಟ್ ಮತ್ತು ನೈಸ್. ಅದರಲ್ಲಿರುವ ಫ್ಲೋರೈಟ್, ಅಪಟೈಟ್, ಬಯೋಟೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ನೀರು ಕ್ಷಾರೀಯವಾಗಿದ್ದು ಕ್ಯಾಲ್ಸಿಯಂ ಕಡಿಮೆ ಇದ್ದಷ್ಟೂ ಹೆಚ್ಚು ಇಳಿಯುತ್ತದೆ. ಮೂರನೆಯದು ಕೆ.ಸಿ. ವ್ಯಾಲಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನ ಲೆಕ್ಕದಲ್ಲಿ ನಮ್ಮ ಕಡೆಯ 126 ಕೆರೆಗಳಿಗೆ ಹರಿಸುವ ಯೋಜನೆ. 2018ರ ಜೂನ್‌ನಲ್ಲಿ ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಜುಲೈನಲ್ಲಿ ಅದೇ ಕೆರೆಯಲ್ಲಿ ನೊರೆ ಎದ್ದು ವಿಷಯ ಹೈಕೋರ್ಟಿನವರೆಗೆ ಹೋಯಿತು.

ನಾವು ಹಿಡಿದದ್ದು ಎರಡನೆಯದನ್ನೂ ಮೂರನೆಯದನ್ನೂ ಸೇರಿಸಿ. ತುಂಬಿದ ಕೆರೆಯ ಅಚ್ಚುಕಟ್ಟಿನ ಬಾವಿಗಳಲ್ಲಿ ಫ್ಲೋರೈಡ್ ತಗ್ಗಿದೆಯೇ, ನೈಟ್ರೇಟ್ ಏರಿದೆಯೇ? ಪ್ರಶ್ನೆ ಇಷ್ಟೇ. "ಕೋಲಾರ ಜಿಲ್ಲೆಯ ಕೆರೆಗಳ ನೀರಿನ ಗುಣಮಟ್ಟ ಅಧ್ಯಯನ" ಎಂಬಂಥ ಶೀರ್ಷಿಕೆ ಇಟ್ಟುಕೊಂಡರೆ ಕೊನೆಗೆ ಕೈಯಲ್ಲಿ ಉಳಿಯುವುದು ಇಪ್ಪತ್ತು ಕಾಲಮ್ಮಿನ ಟೇಬಲ್ ಮಾತ್ರ. ಗೈಡ್ ಒಪ್ಪಿದರೂ ಅಂಥ ಶೀರ್ಷಿಕೆ ಬೇಡ. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಇಟ್ಟುಕೊಳ್ಳಿ. ಜೊತೆಗೆ ಹೋಲಿಕೆಗೆ ಬೇರೆ ಒಂದು ಕೆರೆ ಬೇಕೇ ಬೇಕು: ಅದೇ ಬಗೆಯ ಮಣ್ಣು, ಬಂಡೆ, ಬೆಳೆ ಇದ್ದು, ಯೋಜನೆಯ ನೀರು ಮುಟ್ಟದೆ ಮಳೆಯನ್ನೇ ನಂಬಿದ ಕೆರೆ. ಅದಿಲ್ಲದೆ ಎಷ್ಟು ಬಾವಿ ಪರೀಕ್ಷಿಸಿದರೂ ವ್ಯತ್ಯಾಸ ಕೆರೆಯಿಂದಲೋ, ಆ ವರ್ಷದ ಮಳೆಯಿಂದಲೋ ಎಂದು ಹೇಳಲು ಆಗುವುದಿಲ್ಲ.

ಕಾಗದಪತ್ರದ ಕೆಲಸ ನೀರು ಮುಟ್ಟುವುದಕ್ಕಿಂತ ಬಹಳ ಮೊದಲೇ ಶುರುವಾಗಬೇಕು. ಕೆರೆ ಯಾರ ಸುಪರ್ದಿಯಲ್ಲಿದೆ ಎಂದು ತಿಳಿಯದೆ ಅರ್ಜಿ ಹಿಡಿದು ಅಲೆಯಬೇಡಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಸಂಸ್ಥೆಯದು, ಅಂದರೆ ಪಿಡಿಒ ಹತ್ತಿರ ಹೋಗಬೇಕು. 40ರಿಂದ 2000 ಹೆಕ್ಟೇರ್ ಆದರೆ ಸಣ್ಣ ನೀರಾವರಿ ಇಲಾಖೆ, ಕೆ.ಸಿ. ವ್ಯಾಲಿ ಯೋಜನೆಯೂ ಅವರದ್ದೇ. ಪ್ರಾಂಶುಪಾಲರ ಸಹಿ, ಮೊಹರು ಇರುವ ಪತ್ರದಲ್ಲಿ ವಿದ್ಯಾರ್ಥಿಗಳ ಹೆಸರು, ಯುಎಸ್‌ಎನ್, ಕೆರೆಗಳ ಹೆಸರು, ಮಾದರಿ ತೆಗೆಯುವ ತಿಂಗಳುಗಳು, ಒಟ್ಟು ಎಷ್ಟು ಲೀಟರ್ ನೀರು ತೆಗೆಯುತ್ತೀರಿ ಎಂಬುದು ಇರಲಿ. ಆ ಕೊನೆಯ ಸಾಲು ಬಹಳ ಕೆಲಸ ಮಾಡುತ್ತದೆ. ಒಂದು ಕ್ಯಾನ್ ನೀರು ಎಂದು ಗೊತ್ತಾದ ಮೇಲೆ ಯಾರೂ ತಕರಾರು ತೆಗೆಯುವುದಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಟಪಾಲಿನಲ್ಲೇ ಕಳೆದುಹೋಗಿತ್ತು. ಆ ಮೊಹರಿನ ಪ್ರತಿ ಇದ್ದದ್ದರಿಂದಲೇ ಮತ್ತೆ ಮೊದಲಿನಿಂದ ಶುರು ಮಾಡುವುದು ತಪ್ಪಿತು. ಕಾಯುವ ಆ ವಾರಗಳು ಹಿಂಸೆ. ಮಳೆಗಾಲ ಮುಗಿಯುತ್ತಾ ಬರುತ್ತದೆ, ಮಳೆಗೆ ಮುಂಚಿನ ಮಾದರಿ ಕೈತಪ್ಪಿರುತ್ತದೆ. ಆದ್ದರಿಂದ ಅರ್ಜಿ ಆರನೇ ಸೆಮಿಸ್ಟರ್ ಪರೀಕ್ಷೆಗೆ ಮುಂಚೆಯೇ ಹೋಗಲಿ.

ಹಳೆಯ ಅಂಕಿಅಂಶ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮೀರಿದರೆ ತಿರಸ್ಕರಿಸಲು ಅವರಿಗೆ ಕಾರಣ ಸಿಕ್ಕಂತೆ. "ನೀರಿನ ಗುಣಮಟ್ಟದ ಮಾಹಿತಿ ಕೊಡಿ" ಎಂದು ಬರೆಯುವ ಬದಲು ಕೆರೆಯ ಹೆಸರು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಯಾವ ಪರೀಕ್ಷಾ ವರದಿಗಳ ದೃಢೀಕೃತ ಪ್ರತಿ ಎಂದು ಬರೆಯಿರಿ. ಉತ್ತರಕ್ಕೆ 30 ದಿನ. ಅಷ್ಟರಲ್ಲಿ ಬರದಿದ್ದರೆ ಮೊದಲ ಮೇಲ್ಮನವಿ. ಹಣದ ನೆರವಿಗೆ ಬೆಂಗಳೂರಿನ ಕೆಎಸ್‌ಸಿಎಸ್‌ಟಿ (ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ) ಪ್ರತಿ ವರ್ಷ ನಡೆಸುವ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮಕ್ಕೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು. ಆಯ್ಕೆಯಾದರೂ ಹಣ ತಡವಾಗಿ ಬರುತ್ತದೆ ಎಂದುಕೊಂಡೇ ಲೆಕ್ಕ ಹಾಕಿ. ರಸಾಯನಿಕಗಳನ್ನು ಮೊದಲೇ ಕೈಯಿಂದ ಕೊಳ್ಳಬೇಕಾಗುತ್ತದೆ.

ಇನ್ನು ಮಾದರಿ ತೆಗೆಯುವುದು. ಇಡೀ ಪ್ರಾಜೆಕ್ಟಿನಲ್ಲಿ ಹೆಚ್ಚು ಗಮನ ಬೇಡುವುದು ಈ ಕೆಲಸವೇ. ಲ್ಯಾಬಿನಲ್ಲಿ ಎಷ್ಟೇ ಶ್ರದ್ಧೆಯಿಂದ ಟೈಟ್ರೇಟ್ ಮಾಡಿದರೂ ಕೆರೆ ಏರಿಯ ಮೇಲೆ ಕೆಟ್ಟ ಮಾದರಿ ಸರಿಹೋಗುವುದಿಲ್ಲ. ಕೆರೆಯಲ್ಲಿ ಕನಿಷ್ಠ ಮೂರು ಜಾಗ ಗುರುತಿಸಿಕೊಳ್ಳಿ: ನೀರು ಒಳಬರುವ ಬಾಯಿ, ತೂಬಿನ ಹತ್ತಿರ, ಕೋಡಿ. ದಂಡೆಯಲ್ಲಿ ನಿಂತು ಮಗ್ಗಿನಿಂದ ತೋಡಿದರೆ ತೇಲುವ ಪಾಚಿ, ಕಸ ಎಲ್ಲ ಬರುತ್ತದೆ. ಬಾಟಲಿಯನ್ನು ಬಾಯಿ ಕೆಳಗೆ ಮಾಡಿ ಮುಳುಗಿಸಿ, ಮೊಣಕೈ ಆಳದಲ್ಲಿ ತಿರುಗಿಸಿ ತುಂಬಿಸಬೇಕು. ಕೊಳವೆ ಬಾವಿಯಾದರೆ ಮೋಟಾರು ಹಾಕಿ ಐದರಿಂದ ಹತ್ತು ನಿಮಿಷ ನೀರು ಹೊರಗೆ ಬಿಟ್ಟು, ಕಂಡಕ್ಟಿವಿಟಿ (ವಿದ್ಯುತ್ ವಾಹಕತೆ) ಮೀಟರಿನ ಅಂಕಿ ಒಂದೇ ಕಡೆ ನಿಂತ ಮೇಲೆ ಹಿಡಿಯಬೇಕು. ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಬಾವಿಯ ನೀರಲ್ಲ. ಇಲ್ಲಿ ಒಂದು ಅಡ್ಡಿ ಇದೆ: ತ್ರೀಫೇಸ್ ಕರೆಂಟ್ ಯಾವಾಗ ಬರುತ್ತದೆ ಎಂಬುದರ ಮೇಲೆ ನಿಮ್ಮ ದಿನದ ವೇಳಾಪಟ್ಟಿ ನಿಂತಿರುತ್ತದೆ. ಹಿಂದಿನ ರಾತ್ರಿಯೇ ತೋಟದವರಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಬಾವಿಯ ಆಳ, ಕೊರೆಸಿದ ವರ್ಷ ಬರೆದುಕೊಳ್ಳುವುದನ್ನು ಬಿಡಬೇಡಿ. ಸಾವಿರ ಅಡಿ ದಾಟಿದ ಬಾವಿಯನ್ನೂ ಇನ್ನೂರು ಅಡಿಯ ಬಾವಿಯನ್ನೂ ಒಂದೇ ಗುಂಪಿಗೆ ಹಾಕಿ ಸರಾಸರಿ ತೆಗೆದರೆ ಆ ಸರಾಸರಿಗೆ ಅರ್ಥವಿಲ್ಲ.

ಬಾಟಲಿಗಳ ವಿಚಾರ: ಫ್ಲೋರೈಡಿಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜು ಬೇಡ. ಸಿಒಡಿ (ಕೊಳೆಯನ್ನು ರಸಾಯನಿಕದಿಂದ ಒಡೆಯಲು ಬೇಕಾದ ಆಮ್ಲಜನಕದ ಅಳತೆ) ಮಾದರಿಗೆ ಸಲ್ಫ್ಯೂರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಿ ಐಸಿನಲ್ಲಿಡಬೇಕು. ಬಿಒಡಿ ಮಾದರಿಗೆ ಆಮ್ಲ ಹಾಕಲೇಬಾರದು, ಐಸು ಮಾತ್ರ. ಕೋಲಿಫಾರ್ಮ್ (ಮಲ ಬೆರೆತ ಸುಳಿವು ಕೊಡುವ ಬ್ಯಾಕ್ಟೀರಿಯಾ) ಬಾಟಲಿ 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಆಗಿರಬೇಕು, ಆರು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಸಾಮಾನ್ಯ ಸ್ಕೆಚ್ ಪೆನ್ನಿನಲ್ಲಿ ಬರೆದ ಲೇಬಲ್ ಐಸ್ ಪೆಟ್ಟಿಗೆಯಲ್ಲಿ ಕರಗಿಹೋಗುತ್ತದೆ. ಪೆನ್ಸಿಲಿನಲ್ಲಿ ಬರೆದು ಮೇಲೆ ಸೆಲ್ಲೋಟೇಪ್ ಸುತ್ತಿ.

ಕರಗಿದ ಆಮ್ಲಜನಕ, ಅಂದರೆ ಡಿಒ, ಅಲ್ಲೇ ಏರಿಯ ಮೇಲೆಯೇ ಬಂಧಿಸಬೇಕು. 300 ಮಿ.ಲೀ. ಬಿಒಡಿ ಬಾಟಲಿ ತುಂಬಿಸಿ, ಪಿಪೆಟ್ಟಿನ ತುದಿ ನೀರಿನೊಳಗೆ ಮುಳುಗಿರುವಂತೆ 2 ಮಿ.ಲೀ. ಮ್ಯಾಂಗನಸ್ ಸಲ್ಫೇಟ್, ಆಮೇಲೆ 2 ಮಿ.ಲೀ. ಆಲ್ಕಲಿ-ಅಯೋಡೈಡ್-ಅಜೈಡ್. ಗುಳ್ಳೆ ಸಿಕ್ಕದಂತೆ ಬಿರಡೆ ಹಾಕಿ ತಲೆಕೆಳಗು ಮಾಡಿ ಆಡಿಸಿ. ಆಮ್ಲಜನಕ ಇದ್ದರೆ ಕಂದು ಬಣ್ಣದ ಮೋಡದಂಥ ಗಷ್ಟು ಕಟ್ಟಿ ನಿಧಾನವಾಗಿ ತಳಕ್ಕೆ ಇಳಿಯುತ್ತದೆ; ಇಲ್ಲದಿದ್ದರೆ ಗಷ್ಟು ಬಿಳಿಯಾಗಿಯೇ ಉಳಿಯುತ್ತದೆ. ಗಷ್ಟು ಅರ್ಧ ಇಳಿದ ಮೇಲೆ ಇನ್ನೊಮ್ಮೆ ಆಡಿಸಿ, ಪೂರ್ತಿ ಇಳಿದಾಗ 2 ಮಿ.ಲೀ. ಸಲ್ಫ್ಯೂರಿಕ್ ಆಮ್ಲ. ಕಂದು ಕರಗಿ ಜೇನಿನ ಬಣ್ಣದ ತಿಳಿನೀರಾಗುತ್ತದೆ. ಲ್ಯಾಬಿನಲ್ಲಿ ಅದರಲ್ಲಿ 203 ಮಿ.ಲೀ. ತೆಗೆದು 0.025 ನಾರ್ಮಲ್ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ ಖರ್ಚಾದ ಪ್ರತಿ ಮಿ.ಲೀ.ಗೆ ಒಂದು ಮಿ.ಗ್ರಾಂ ಪ್ರತಿ ಲೀಟರ್. ಆ ಹೆಚ್ಚಿನ 3 ಮಿ.ಲೀ. ರಸಾಯನಿಕ ಸುರಿದಾಗ ಹೊರಚೆಲ್ಲಿದ ನೀರಿನ ಲೆಕ್ಕಕ್ಕೆ. ವೈವಾದಲ್ಲಿ ಇದನ್ನು ಖಂಡಿತ ಕೇಳುತ್ತಾರೆ.

ಎಷ್ಟು ಗಂಟೆಗೆ ತೆಗೆದಿರಿ ಎಂಬುದು ಇಲ್ಲಿ ಬಲು ಮುಖ್ಯ. ಕೋಲಾರದ ಎತ್ತರದಲ್ಲಿ 27 ಡಿಗ್ರಿಯ ನೀರು ಹಿಡಿದಿಟ್ಟುಕೊಳ್ಳಬಲ್ಲ ಆಮ್ಲಜನಕ ಸುಮಾರು 7.2 ಮಿ.ಗ್ರಾಂ. ಹಸಿರು ಕಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ 10, 12 ತೋರಿಸಬಹುದು. ಅದು ಮೀಟರಿನ ದೋಷವಲ್ಲ, ಪಾಚಿಯ ದ್ಯುತಿಸಂಶ್ಲೇಷಣೆ. ಅದೇ ಕೆರೆಯಲ್ಲಿ ಬೆಳಗಿನ ಜಾವ ಮೀನು ಉಸಿರಿಗಾಗಿ ಮೇಲೆ ಬರುವಷ್ಟು ಕೆಳಗಿರಬಹುದು. ಮಧ್ಯಾಹ್ನದ ಅಂಕಿ ತೋರಿಸಿ "ಕೆರೆ ಆರೋಗ್ಯವಾಗಿದೆ" ಎಂದು ಬರೆದ ವರದಿಗಳನ್ನು ಓದಿದಾಗ ನಿಜಕ್ಕೂ ಸಂಕಟವಾಗುತ್ತದೆ. ಸೂರ್ಯ ಹುಟ್ಟುವ ಮುಂಚೆ ಒಂದು, ಮಧ್ಯಾಹ್ನ ಒಂದು ತೆಗೆಯಿರಿ, ಎರಡನ್ನೂ ವರದಿಯಲ್ಲಿ ಹಾಕಿ.

ಏರಿಯ ಮೇಲೆ ಬಾಟಲಿ ಹಿಡಿದು ನಿಂತರೆ ಜನ ಬಂದೇ ಬರುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗು. "ನೀರು ಹೆಂಗೈತಪ್ಪ, ದನಕ್ಕೆ ಕುಡಿಸಬೋದಾ?" ಎಂದು ಕೇಳುತ್ತಾರೆ. ಬಣ್ಣ ನೋಡಿ, ವಾಸನೆ ನೋಡಿ ಬಾಯಿಗೆ ಬಂದ ಉತ್ತರ ಕೊಡಬೇಡಿ. "ರಿಪೋರ್ಟ್ ಬರಲಿ ಅಣ್ಣ, ತಂದು ಕೊಡ್ತೀವಿ" ಎನ್ನಿ, ಹಾಗೆಯೇ ತಂದು ಕೊಡಿ. ಮುಂದಿನ ಸಲ ಬಾವಿಗೆ ಮೋಟಾರು ಹಾಕಿಕೊಡುವವರು ಅವರೇ.

ಬಿಒಡಿಯಲ್ಲಿ ಕಾಲೇಜುಗಳ ಅರ್ಧ ಪ್ರಾಜೆಕ್ಟುಗಳು ಎಡವುತ್ತವೆ. ನಮ್ಮ ದೇಶದ ಮಾನಕ ಐಎಸ್ 3025ರ 44ನೇ ಭಾಗದ ಪ್ರಕಾರ ಮಾದರಿಯ ಬಾಟಲಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು, ಡಿಒ ಎಷ್ಟು ಇಳಿಯಿತೆಂದು ನೋಡಬೇಕು. ಪಠ್ಯಪುಸ್ತಕದ 20 ಡಿಗ್ರಿ, ಐದು ದಿನ ಬೇರೆ ಪದ್ಧತಿ. ಯಾವುದನ್ನು ಮಾಡಿದಿರಿ ಎಂದು ಬರೆಯದೆ ಇದ್ದರೆ ಅಂಕಿ ನಿರರ್ಥಕ. ಮೂರು ದಿನದ ಪದ್ಧತಿಯಲ್ಲಿ ಗುರುವಾರ ಇಟ್ಟ ಬಾಟಲಿ ಭಾನುವಾರ ತೆಗೆಯಬೇಕು, ಆಗ ಲ್ಯಾಬ್ ಬೀಗ ಹಾಕಿರುತ್ತದೆ. ಬುಧವಾರ ಇಟ್ಟರೆ ಶನಿವಾರ. ಅದು ಎರಡನೇ ಅಥವಾ ನಾಲ್ಕನೇ ಶನಿವಾರವೇ ಎಂದು ಕ್ಯಾಲೆಂಡರ್ ನೋಡಿ. ಸೋಮವಾರ, ಶುಕ್ರವಾರ ಇಡುವುದು ಕ್ಷೇಮ. ಆದರೆ ಶುಕ್ರವಾರ ಇಟ್ಟರೆ ವಾರಾಂತ್ಯದಲ್ಲಿ ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಜನರೇಟರ್ ಲೈನಿನಲ್ಲಿದೆಯೇ ಎಂದು ಲ್ಯಾಬ್ ಅಸಿಸ್ಟೆಂಟ್ ಅಣ್ಣನ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಬೇಕು.

ಎಷ್ಟು ಮಾದರಿ ಹಾಕಬೇಕು ಎಂಬುದಕ್ಕೆ ಲೆಕ್ಕ ಸುಲಭ: ಕೊನೆಯಲ್ಲಿ ಡಿಒ ಕನಿಷ್ಠ 2 ಮಿ.ಗ್ರಾಂ ಇಳಿದಿರಬೇಕು, ಬಾಟಲಿಯಲ್ಲಿ ಕನಿಷ್ಠ 1 ಉಳಿದಿರಬೇಕು. ಬಿಒಡಿ 10ರ ಆಸುಪಾಸು ಇರಬಹುದಾದ ಕೆರೆ ನೀರಿಗೆ 300ರಲ್ಲಿ 100 ಮಿ.ಲೀ. ಮಾದರಿ ಹಾಕಿದರೆ ಇಳಿಕೆ 3.3 ಬರುತ್ತದೆ, ಸರಿ. ಕಚ್ಚಾ ಚರಂಡಿ ನೀರು 200 ಇದ್ದರೆ 6 ಮಿ.ಲೀ. ಸಾಕು. ಊಹೆ ತಪ್ಪಬಹುದಾದ್ದರಿಂದ ಒಂದೇ ಮಾದರಿಗೆ ಮೂರು ಬೇರೆ ಬೇರೆ ಪ್ರಮಾಣ ಇಡಿ. ದುರ್ಬಲಗೊಳಿಸುವ ನೀರಿಗೆ ಲೀಟರಿಗೆ ತಲಾ 1 ಮಿ.ಲೀ. ಫಾಸ್ಫೇಟ್ ಬಫರ್, ಮೆಗ್ನೀಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್, ಫೆರಿಕ್ ಕ್ಲೋರೈಡ್ ಹಾಕಿ ಗಾಳಿ ಊದಬೇಕು. ಬರೀ ಈ ನೀರು ತುಂಬಿದ ಬಾಟಲಿಯಲ್ಲಿ ಇಳಿಕೆ 0.2 ಮೀರಿದರೆ ಆ ದಿನದ ಇಡೀ ಗುಂಪು ತಿರಸ್ಕಾರ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಬಳಸಿದರೆ ಹೀಗಾಗುವುದೇ ಹೆಚ್ಚು.

ಇನ್ನು ಕೆ.ಸಿ. ವ್ಯಾಲಿ ನೀರಿಗೇ ವಿಶೇಷವಾದ ಎರಡು ತೊಡಕು. ಸಂಸ್ಕರಿಸಿದ ನೀರಿನಲ್ಲಿ ಅಮೋನಿಯಾ ಉಳಿದಿರಬಹುದು, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾವೂ ಜೊತೆಯಲ್ಲೇ ಬಂದಿರುತ್ತದೆ. ಅವು ಬಾಟಲಿಯೊಳಗೆ ಆಮ್ಲಜನಕ ತಿನ್ನುತ್ತವೆ, ಬಿಒಡಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ಅಲೈಲ್‌ಥಯೋಯೂರಿಯಾ ಹಾಕಿ ಒಂದು, ಹಾಕದೆ ಒಂದು ಬಾಟಲಿ ಇಡಿ. ಎರಡರ ನಡುವಿನ ಅಂತರವೇ ಸಾರಜನಕದ ಪಾಲು. ಎರಡನೆಯದು ಪಾಚಿ. ಕತ್ತಲಲ್ಲಿ ಇಟ್ಟ ಬಾಟಲಿಯಲ್ಲಿ ಪಾಚಿ ಉಸಿರಾಡುತ್ತದೆ, ಸಾಯುತ್ತದೆ, ಅದೂ ಬಿಒಡಿಯಾಗಿ ಲೆಕ್ಕಕ್ಕೆ ಬರುತ್ತದೆ. ಸೋಸಿದ ಮಾದರಿಯ ಬಿಒಡಿ ಬೇರೆಯಾಗಿ ಮಾಡಿದರೆ ಬೆಂಗಳೂರಿನಿಂದ ಬಂದ ಕೊಳೆ ಎಷ್ಟು, ಕೆರೆಯಲ್ಲೇ ಬೆಳೆದ ಪಾಚಿ ಎಷ್ಟು ಎಂಬುದರ ಸುಳಿವು ಸಿಗುತ್ತದೆ. ಮಧ್ಯಾಹ್ನದ ಮಾದರಿಯಲ್ಲಿ ಆಮ್ಲಜನಕ ಮಿತಿಮೀರಿ ಇದ್ದರೆ ಅರ್ಧ ತುಂಬಿದ ಬಾಟಲಿಯಲ್ಲಿ ಕುಲುಕಿ ಹೆಚ್ಚುವರಿಯನ್ನು ಬಿಡಿಸಿದ ಮೇಲೆಯೇ ಪರೀಕ್ಷೆ ಶುರು ಮಾಡಬೇಕು.

ಸಿಒಡಿಗೆ 20 ಮಿ.ಲೀ. ಮಾದರಿ, 0.4 ಗ್ರಾಂ ಮರ್ಕ್ಯುರಿಕ್ ಸಲ್ಫೇಟ್, 10 ಮಿ.ಲೀ. 0.25 ನಾರ್ಮಲ್ ಡೈಕ್ರೋಮೇಟ್, 30 ಮಿ.ಲೀ. ಸಿಲ್ವರ್ ಸಲ್ಫೇಟ್ ಬೆರೆತ ಆಮ್ಲ, ಎರಡು ಗಂಟೆ ರಿಫ್ಲಕ್ಸ್. ಪಾದರಸದ ಲವಣ ಮೊದಲು ಹಾಕಬೇಕು, ಅದು ಕ್ಲೋರೈಡನ್ನು ಹಿಡಿದಿಡುತ್ತದೆ. ಕಾಯಿಸುವಾಗ ಹಸಿರಾದರೆ ಡೈಕ್ರೋಮೇಟ್ ಮುಗಿದಿದೆ ಎಂದರ್ಥ, ಮಾದರಿಯನ್ನು ತೆಳು ಮಾಡಿ ಮತ್ತೆ ಶುರು. ಸಿಒಡಿ 50ಕ್ಕಿಂತ ಕಡಿಮೆ ಇರುವ ಕೆರೆ ನೀರಿಗೆ ಡೈಕ್ರೋಮೇಟ್ 0.025 ನಾರ್ಮಲ್ ಇರಲಿ, ಇಲ್ಲದಿದ್ದರೆ ಬ್ಯೂರೆಟ್ಟಿನ ಒಂದು ಹನಿ ಆಚೀಚೆಯಾದರೂ ಉತ್ತರ ಎಲ್ಲಿಗೋ ಹೋಗುತ್ತದೆ. ಕಂಡೆನ್ಸರಿಗೆ ಎರಡು ಗಂಟೆ ಸತತ ತಣ್ಣೀರು ಬೇಕು. ನಮ್ಮ ಕಡೆ ನಲ್ಲಿ ಅಷ್ಟು ಹೊತ್ತು ನಂಬುವಂತಿಲ್ಲ. ಬಕೆಟ್ಟಿನಲ್ಲಿ ಐಸ್ ನೀರು ಹಾಕಿ, ಕೂಲರಿನ ಸಣ್ಣ ಪಂಪ್ ಮುಳುಗಿಸಿ ಸುತ್ತು ಹೊಡೆಸಿ. ನೀರೂ ಉಳಿಯುತ್ತದೆ. ಮುಗಿದ ದ್ರಾವಣದಲ್ಲಿ ಪಾದರಸ, ಬೆಳ್ಳಿ, ಕ್ರೋಮಿಯಂ ಮೂರೂ ಇವೆ. ಅದನ್ನು ಸಿಂಕಿಗೆ ಸುರಿಯುವುದು ಎಷ್ಟೋ ಲ್ಯಾಬುಗಳಲ್ಲಿ ನಡೆಯುತ್ತಿದೆ, ನಡೆಯಬಾರದು. ಬೇರೆ ಕ್ಯಾನಿನಲ್ಲಿ ಲೇಬಲ್ ಹಾಕಿ ಇಟ್ಟು, ಅಪಾಯಕಾರಿ ತ್ಯಾಜ್ಯ ಒಯ್ಯುವ ಅಧಿಕೃತ ಸಂಸ್ಥೆಗೆ ಕಾಲೇಜಿನಿಂದ ಕೊಡಿಸಿ. ಕೆರೆ ಉಳಿಸುವ ಪ್ರಾಜೆಕ್ಟಿನ ಪಾದರಸ ಚರಂಡಿಗೆ ಹೋಗಿ ಇನ್ನೊಂದು ಕೆರೆಗೆ ಸೇರುವುದಕ್ಕಿಂತ ಆ ಪರೀಕ್ಷೆ ಮಾಡದಿರುವುದೇ ಮೇಲು.

ಫ್ಲೋರೈಡಿಗೆ ಸ್ಪ್ಯಾಂಡ್ಸ್ ವಿಧಾನ: 50 ಮಿ.ಲೀ. ಮಾದರಿಗೆ 10 ಮಿ.ಲೀ. ಬಣ್ಣದ ದ್ರಾವಣ, 570 ನ್ಯಾನೋಮೀಟರಿನಲ್ಲಿ ಓದಬೇಕು. ಇದು ನೆಚ್ಚಬಹುದಾದದ್ದು 1.4 ಮಿ.ಗ್ರಾಂವರೆಗೆ ಮಾತ್ರ. ಆಮೇಲೆ ರೇಖೆ ಬಾಗುತ್ತದೆ. ನಮ್ಮ ಜಿಲ್ಲೆಯ ಬಾವಿ ನೀರನ್ನು ತೆಳು ಮಾಡದೆ ನೇರ ಓದಿದರೆ ನಿಜವಾಗಿ ಹೆಚ್ಚಿರುವ ಬಾವಿಗಳೇ ಕಡಿಮೆ ತೋರಿ, ಕುಡಿಯಬಹುದು ಎಂಬ ತಪ್ಪು ಭರವಸೆ ಕೊಟ್ಟಂತಾಗುತ್ತದೆ. ಅಯಾನ್ ಎಲೆಕ್ಟ್ರೋಡ್ ಇದ್ದರೆ ಅದನ್ನೇ ಬಳಸಿ. ನೈಟ್ರೇಟಿಗೆ ಯುವಿ ವಿಧಾನದಲ್ಲಿ 220ರ ಓದಿನಿಂದ 275ರ ಓದಿನ ಎರಡರಷ್ಟನ್ನು ಕಳೆಯಬೇಕು. ಕಳೆಯುವ ಪಾಲು 220ರ ಶೇ. 10 ಮೀರಿದರೆ ಆ ಮಾದರಿಗೆ ಈ ವಿಧಾನ ಬೇಡ. ಬಾವಿ ನೀರಿಗೆ ಸಾಮಾನ್ಯವಾಗಿ ಸರಿಹೋಗುತ್ತದೆ, ಪಾಚಿ ಕೆರೆಗೆ ಹೋಗುವುದಿಲ್ಲ. ಉತ್ತರ ಸಾರಜನಕವಾಗಿ ಬಂತೋ ನೈಟ್ರೇಟಾಗಿ ಬಂತೋ ನೋಡಿ. ಮೊದಲನೆಯದನ್ನು 4.43ರಿಂದ ಗುಣಿಸಿದರೆ ಎರಡನೆಯದು. ಮಿತಿ 45 ಎಂಬುದು ನೈಟ್ರೇಟಿನ ಲೆಕ್ಕ.

ಲೋಹಗಳಂಥ ಕೆಲವನ್ನು ಹೊರಗಿನ ಲ್ಯಾಬಿಗೆ ಕೊಡಲೇಬೇಕಾಗುತ್ತದೆ. ಬೋರ್ಡಿನ ಮೇಲೆ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಮಂಡಳಿ) ಎಂದಿದ್ದರೆ ಸಾಲದು, ನಿಮಗೆ ಬೇಕಾದ ಅಂಶ, ನಿಮ್ಮ ಬಗೆಯ ನೀರು ಅವರ ಮಾನ್ಯತೆಯ ವ್ಯಾಪ್ತಿಪಟ್ಟಿಯಲ್ಲಿದೆಯೇ ಎಂದು ಕೇಳಿ. ಒಂದೇ ನೀರನ್ನು ಎರಡು ಬೇರೆ ಹೆಸರಿನಲ್ಲಿ ಕೊಟ್ಟು ನೋಡುವುದು ಒಳ್ಳೆಯ ಅಭ್ಯಾಸ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯದಲ್ಲೂ ಸಾರ್ವಜನಿಕರು ನೀರು ಪರೀಕ್ಷೆ ಮಾಡಿಸಬಹುದು, ಕಡಿಮೆ ದರದಲ್ಲಿ ಆಗುತ್ತದೆ. ನಾಲ್ವರ ತಂಡಕ್ಕೆ ಒಟ್ಟು ಹದಿನೆಂಟು ಸಾವಿರ ರೂಪಾಯಿಯ ಹತ್ತಿರ ಹೋಯಿತು. ಹೆಚ್ಚು ತಿಂದದ್ದು ಸಿಲ್ವರ್ ಸಲ್ಫೇಟ್, ಆಮೇಲೆ ಹೊರಗಿನ ಲ್ಯಾಬ್, ಆಮೇಲೆ ಪೆಟ್ರೋಲ್. ಮುಖ್ಯ ಅಂಶಗಳನ್ನು ಕಡಿಮೆ ಇಟ್ಟುಕೊಂಡು ಪ್ರತಿಯೊಂದನ್ನೂ ಎರಡೆರಡು ಸಲ ಅಳೆಯುವುದು, ಇಪ್ಪತ್ತೈದು ಅಂಶಗಳನ್ನು ಒಂದೊಂದು ಸಲ ಅಳೆಯುವುದಕ್ಕಿಂತ ಎಷ್ಟೋ ಮೇಲು.

ಅಂಕಿಗಳೆಲ್ಲ ಬಂದ ಮೇಲೆ ಗ್ರಾಫ್ ಎಳೆಯುವ ಮುಂಚೆ ಒಂದು ತಪಾಸಣೆ ಇದೆ. ಬಾವಿ ನೀರಿನ ಧನ ಅಯಾನುಗಳನ್ನೂ ಋಣ ಅಯಾನುಗಳನ್ನೂ ಮಿಲಿ ಈಕ್ವಿವಲೆಂಟಿಗೆ ಪರಿವರ್ತಿಸಿ ಕೂಡಿ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಶೇ. 5ರೊಳಗೆ ಇರಬೇಕು. ಮೀರಿದರೆ ಎಲ್ಲೋ ಒಂದು ಅಳತೆ ತಪ್ಪಿದೆ. ಹೆಚ್ಚಾಗಿ ಗಡಸುತನ ಅಥವಾ ಬೈಕಾರ್ಬನೇಟ್. ಹಾಗೆಯೇ ಟಿಡಿಎಸ್ (ಒಟ್ಟು ಕರಗಿದ ಘನಾಂಶ) ಅಂಕಿ ಕಂಡಕ್ಟಿವಿಟಿಯ 0.55ರಿಂದ 0.7ರ ನಡುವೆ ಬೀಳಬೇಕು.

ಯಾವ ನೀರನ್ನು ಯಾವ ಮಾನಕದ ಜೊತೆ ಹೋಲಿಸಬೇಕು ಎಂಬಲ್ಲಿ ಪರೀಕ್ಷಕರು ಹಿಡಿಯುತ್ತಾರೆ. ಕೆರೆ ನೀರನ್ನು ಕುಡಿಯುವ ನೀರಿನ ಐಎಸ್ 10500ರ ಜೊತೆ ಹೋಲಿಸಿ "ಮಿತಿ ಮೀರಿದೆ" ಎಂದು ಬರೆಯುವುದಕ್ಕೆ ಅರ್ಥವಿಲ್ಲ. ಕೆರೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಎ ಇಂದ ಇ ವರೆಗಿನ ವರ್ಗೀಕರಣ ಇದೆ: ಡಿ ವರ್ಗ ಮೀನು, ವನ್ಯಜೀವಿಗೆ, ಡಿಒ 4 ಬೇಕು, ಮುಕ್ತ ಅಮೋನಿಯಾ 1.2 ಮೀರಬಾರದು, ಇ ವರ್ಗ ನೀರಾವರಿಗೆ, ಕಂಡಕ್ಟಿವಿಟಿ 2250, ಬೋರಾನ್ 2ರ ಮಿತಿ. ಬಾವಿ ನೀರಿಗೆ ಐಎಸ್ 10500:2012. ಅದರಲ್ಲಿ ಫ್ಲೋರೈಡ್ 1.0, ಬೇರೆ ಮೂಲವಿಲ್ಲದಿದ್ದರೆ 1.5, ನೈಟ್ರೇಟ್ 45, ಅದಕ್ಕೆ ಸಡಿಲಿಕೆಯೇ ಇಲ್ಲ. ಒಂದೇ ಋತುವಿನ ಮಾದರಿ ಇಟ್ಟುಕೊಂಡು "ಕೆ.ಸಿ. ವ್ಯಾಲಿಯಿಂದ ಫ್ಲೋರೈಡ್ ಇಳಿದಿದೆ" ಎಂದೂ ಬರೆಯಬೇಡಿ, "ಅಂತರ್ಜಲ ವಿಷವಾಗಿದೆ" ಎಂದೂ ಬರೆಯಬೇಡಿ. ಎರಡಕ್ಕೂ ಜಿಲ್ಲೆಯಲ್ಲಿ ಕೇಳುಗರು ಕಾದಿದ್ದಾರೆ. ಹೋಲಿಕೆಯ ಕೆರೆಯ ಬಾವಿಗಳ ಎದುರು ನಿಮ್ಮ ಅಂಕಿ ಎಲ್ಲಿ ನಿಂತಿದೆಯೋ ಅಷ್ಟನ್ನು ಹೇಳಿ ನಿಲ್ಲಿಸಿ.

ಇಂಟರ್ನ್‌ಶಿಪ್ಪಿಗೆ ಆಫೀಸು ಹುಡುಕಬೇಡಿ, ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ) ಹುಡುಕಿ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ, ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ಇವೆ. ಅಲ್ಲಿ ಆಪರೇಟರ್ ದಿನಾ ಬೆಳಿಗ್ಗೆ ಮಾಡುವ ಕೆಲಸ ಒಂದು ಲೀಟರಿನ ಜಾಡಿಯಲ್ಲಿ ಗಾಳಿತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಬಿಡುವುದು. ಕೆಸರು 300 ಮಿ.ಲೀ.ಗೆ ಇಳಿದು, ಎಂಎಲ್‌ಎಸ್‌ಎಸ್ (ಆ ನೀರಿನಲ್ಲಿ ತೇಲುವ ಘನಕಣ, ಲೀಟರಿಗೆ ಮಿ.ಗ್ರಾಂ ಲೆಕ್ಕದಲ್ಲಿ) 3000 ಇದ್ದರೆ ಕೆಸರಿನ ಸೂಚ್ಯಂಕ 100, ಚೆನ್ನಾಗಿದೆ. 150 ದಾಟಿದರೆ ನಾರುಬ್ಯಾಕ್ಟೀರಿಯಾ ಹೆಚ್ಚಿ ಕೆಸರು ಇಳಿಯುತ್ತಿಲ್ಲ. ಚೆನ್ನಾಗಿ ಇಳಿದ ಕೆಸರು ಒಂದೆರಡು ಗಂಟೆಯಲ್ಲಿ ಗಡ್ಡೆಯಾಗಿ ಮೇಲೆ ತೇಲಿದರೆ ತಳದಲ್ಲಿ ನೈಟ್ರೇಟ್ ಒಡೆದು ಸಾರಜನಕದ ಗುಳ್ಳೆ ಎತ್ತುತ್ತಿದೆ. ಬ್ಲೋವರ್ ಎರಡು ಗಂಟೆ ನಿಂತರೆ ಹೊರಹೋಗುವ ನೀರಿಗೆ ಏನಾಗುತ್ತದೆ ಎಂದು ಅಲ್ಲಿ ಕಣ್ಣಾರೆ ನೋಡಿದವರಿಗೆ ಮಾತ್ರ ಕೆರೆಯಲ್ಲಿ ಒಂದು ದಿನ ಒಳ್ಳೆಯ ನೀರು, ಇನ್ನೊಂದು ದಿನ ನೊರೆ ಯಾಕೆ ಎಂಬುದು ಅರ್ಥವಾಗುತ್ತದೆ. ನನಗೆ ಮೂರನೇ ಹಂತದ ಸಂಸ್ಕರಣೆಯ ಮೇಲೆ, ಅದರಲ್ಲೂ ಸಾರಜನಕ, ರಂಜಕ ತೆಗೆಯುವುದರ ಮೇಲೆ ಕೆಲಸ ಮಾಡಬೇಕೆಂಬ ಆಸೆ ಗಟ್ಟಿಯಾದದ್ದು ಅಲ್ಲಿಯೇ. ಕೋಲಾರದ ಕೆರೆಗಳು ಹಸಿರು ಕಟ್ಟುವುದು ಆ ಎರಡರಿಂದ.

ಗೇಟ್‌ನಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಇಂಜಿನಿಯರಿಂಗಿಗೆ ಪ್ರತ್ಯೇಕ ಪೇಪರ್ ಇದೆ, ಸಂಕೇತ ಇಎಸ್. 65 ಪ್ರಶ್ನೆ, 100 ಅಂಕ, ಮೂರು ಗಂಟೆ. ಅದರಲ್ಲಿ 15 ಅಂಕ ಸಾಮಾನ್ಯ ಸಾಮರ್ಥ್ಯಕ್ಕೆ. ಸಿವಿಲ್ ಪೇಪರಿನ ಜೊತೆ ಇದನ್ನೂ ಬರೆಯಬಹುದು. ಸಿವಿಲ್‌ನವರಿಗೆ ಕಷ್ಟವಾಗುವುದು ಪರಿಸರ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮತ್ತು ವಾಯು ಮಾಲಿನ್ಯ. ನೀರಿನ ಭಾಗವನ್ನು ಪ್ರಾಜೆಕ್ಟೇ ಓದಿಸಿರುತ್ತದೆ. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಮೂರನೇ ವರ್ಷದಲ್ಲಿರುವವರೂ ಬರೆಯಬಹುದು, ಬರೆಯಿರಿ. ಅರ್ಜಿ ಶುಲ್ಕದಲ್ಲಿ ಮಹಿಳೆಯರಿಗೂ ಎಸ್‌ಸಿ, ಎಸ್‌ಟಿ, ಅಂಗವಿಕಲ ಅಭ್ಯರ್ಥಿಗಳಿಗೂ ರಿಯಾಯಿತಿ ಇದೆ. ಸುರತ್ಕಲ್‌ನಂಥ ಎನ್‌ಐಟಿಗಳಿಗೆ ಸಿಸಿಎಂಟಿ ಕೌನ್ಸೆಲಿಂಗ್. ಐಐಟಿಗಳಿಗೆ ಒಂದೊಂದಕ್ಕೂ ಬೇರೆ ಅರ್ಜಿ ಹಾಕಿ, ಸೀಟಿನ ಆಫರನ್ನು ಸಿಒಎಪಿ ಪೋರ್ಟಲ್ಲಿನಲ್ಲಿ ಒಪ್ಪಬೇಕು. ಗೇಟ್ ಇಲ್ಲದವರಿಗೆ ಕೆಇಎ ನಡೆಸುವ ಪಿಜಿಸಿಇಟಿ. ಗೇಟ್ ಅರ್ಹತೆಯಿಂದ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್. ನಮ್ಮಂಥ ಮನೆಗಳಲ್ಲಿ ಎಂ.ಟೆಕ್ ಬೇಡ, ಕೆಲಸಕ್ಕೆ ಹೋಗು ಎನ್ನುವವರನ್ನು ಒಪ್ಪಿಸುವುದು ಈ ಒಂದು ಅಂಕಿ.

ದಾಖಲೆಯಲ್ಲಿ ಎರಡು ಕಡೆ ಜನ ಸಿಕ್ಕಿಬೀಳುತ್ತಾರೆ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದು ಆಧಾರಿನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ಒಂದು. ಗೇಟ್ ಅರ್ಜಿಗೆ ಮುಂಚೆಯೇ ಸರಿಪಡಿಸಿಕೊಳ್ಳಿ. ಇನ್ನೊಂದು ಹಿಂದುಳಿದ ವರ್ಗದ ಪ್ರಮಾಣಪತ್ರ. ಸಿಇಟಿಗೆ ಕೊಟ್ಟ 2ಎ, 3ಎ, 3ಬಿ ಪತ್ರ ಎನ್‌ಐಟಿ, ಐಐಟಿಗಳಲ್ಲಿ ನಡೆಯುವುದಿಲ್ಲ. ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ಕೆನೆಪದರರಹಿತ ಪ್ರಮಾಣಪತ್ರವನ್ನೇ ನಾಡಕಚೇರಿಯ ಮೂಲಕ ತಹಶೀಲ್ದಾರರಿಂದ ಪಡೆಯಬೇಕು. ರಾಜ್ಯದ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಜಾತಿ ಕೇಂದ್ರದ ಪಟ್ಟಿಯಲ್ಲೂ ಇರುತ್ತದೆ ಎನ್ನುವಂತಿಲ್ಲ, ಮೊದಲು ಅದನ್ನು ನೋಡಿಕೊಳ್ಳಿ. ಪ್ರಮಾಣಪತ್ರ ಆ ಆರ್ಥಿಕ ವರ್ಷದ್ದೇ ಆಗಿರಬೇಕೆಂದು ಕೇಳುತ್ತಾರೆ, ಅಂದರೆ ಏಪ್ರಿಲ್ 1ರ ನಂತರದ್ದು. ಮಾರ್ಚ್‌ನಲ್ಲಿ ಫಲಿತಾಂಶ ಬಂದ ಖುಷಿಯಲ್ಲಿ ಆಗಲೇ ಮಾಡಿಸಿಟ್ಟರೆ ಮೇ ತಿಂಗಳ ಕೌನ್ಸೆಲಿಂಗ್ ಹೊತ್ತಿಗೆ ಅದು ಹಳೆಯದಾಗಿರುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಅರ್ಜಿ ಹಾಕಿ, ಗ್ರಾಮ ಆಡಳಿತ ಅಧಿಕಾರಿಯ (ಹಿಂದೆ ಗ್ರಾಮ ಲೆಕ್ಕಿಗರು) ಪರಿಶೀಲನೆಗೆ ಬೇಕಾದ ಅಪ್ಪ ಅಮ್ಮನ ಆದಾಯದ ಕಾಗದಗಳನ್ನು ಜೊತೆಗೇ ಕೊಡಿ.